ಒಂಟಿ ಈಡಿನ ಶಿಕಾರಿ ಪಿಸ್ತೂಲಿಗೆ ಗಿರಾಕಿ ಏಕಿಲ್ಲ?

ಪ್ರಶ್ನೆ: ಹದಿನಾರು ವರ್ಷಗಳಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ. ಊರು ಸೋಮವಾರಪೇಟೆಯ ಹತ್ತಿರ. ನಿವೃತ್ತರಾಗುತ್ತಿರುವ ಸಹೋದ್ಯೋಗಿಯೊಬ್ಬರು ತಮ್ಮ ಥಾಂಪ್ಸನ್/ಸೆಂಟರ್ ಕಂಟೆಂಡರ್ ಪಿಸ್ತೂಲನ್ನೂ ಅದರ ಮೂರು ನಳಿಗೆಗಳನ್ನೂ ನನಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಒಂದು ನಳಿಗೆ .22 ಅಳತೆಯ ತೋಟೆಯದು, ಒಂದು .44 ಮ್ಯಾಗ್ನಮ್, ಇನ್ನೊಂದು 7-30 ವಾಟರ್ಸ್. ಬೆಲೆ ವಿಚಾರಿಸಲು ಬಂದೂಕಿನ ಅಂಗಡಿಗೆ ಹೋದರೆ, ‘ಈಗ ಇದನ್ನು ಕೇಳುವವರೇ ಇಲ್ಲ’ ಎಂದರು. ಎಂಬತ್ತರ ದಶಕದಲ್ಲಿ ಇದಕ್ಕಾಗಿ ಜನ ಕಾದು ನಿಲ್ಲುತ್ತಿದ್ದರು ಎಂದು ಸಹೋದ್ಯೋಗಿ ಹೇಳುತ್ತಾರೆ. ಇಷ್ಟು ನಿಖರವಾದ ಪಿಸ್ತೂಲು ಮೂಲೆ ಸೇರಿದ್ದು ಏಕೆ? ನಾನು ಇದನ್ನು ತೆಗೆದುಕೊಳ್ಳಬಹುದೇ?

ಉತ್ತರ: ಅಂಗಡಿಯವರು ಹೇಳಿದ್ದೂ ನಿಜ, ನಿಮ್ಮ ಸಹೋದ್ಯೋಗಿ ಹೇಳಿದ್ದೂ ನಿಜ. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನನ್ನ ಬಳಿಯೂ ಒಂದು ಕಂಟೆಂಡರ್ ಇದೆ. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಹೊಸದರಲ್ಲಿ ಕೊಂಡದ್ದು, ಮೂವತ್ತು ವರ್ಷ ದಾಟಿದೆ. ಅದರ ಚೌಕಟ್ಟಿನ ಪಕ್ಕದಲ್ಲಿ ಕೆತ್ತಿರುವ ಪೂಮಾದ ಚಿತ್ರ ಕೈ ತಾಗಿ ತಾಗಿ ಬಾಲದ ಕಡೆ ಮಾಸಿದೆ. ಆದರೂ ಕಳೆದ ಆರು ವರ್ಷಗಳಲ್ಲಿ ಅದನ್ನು ಹಿಡಿದು ಕಾಡಿಗೆ ಹೋದದ್ದು ಎರಡೇ ಸಲ. ಅದನ್ನು ಇಷ್ಟಪಡುವವನೇ ಹೀಗೆ ಮಾಡಿದರೆ ಉಳಿದವರನ್ನು ಏನೆಂದು ಕೇಳುವುದು?

ಇಲ್ಲಿಯ ಹಳಬರನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಕಂಪನಿಯನ್ನು ಕೊಂಡ ದೊಡ್ಡ ಕಂಪನಿ ಅದನ್ನು ಕೊಂದಿತು ಎಂಬುದು ಒಂದು, ಹೊಸ ಪೀಳಿಗೆಗೆ ಎಆರ್-15 ಎಂಬ ಅರೆಸ್ವಯಂಚಾಲಿತ ರೈಫಲಿನ ಹುಚ್ಚು ಹಿಡಿಯಿತು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ, ಆದರೆ ಎರಡೂ ರೋಗಿ ಹಾಸಿಗೆ ಹಿಡಿದ ಮೇಲಿನ ಮಾತುಗಳು. ನನ್ನ ಲೆಕ್ಕದಲ್ಲಿ ಇದರ ಹೆಸರು ಮಾತ್ರ ಶಿಕಾರಿ ಪಿಸ್ತೂಲು. ಇದನ್ನು ಸಾಕಿ ಬೆಳೆಸಿದ್ದು ಜಿಂಕೆಯಲ್ಲ, ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕುರಿ. ಆ ಕುರಿ ಮರೆಯಾಗುತ್ತಿದ್ದಂತೆ ಪಿಸ್ತೂಲಿಗೆ ಉಳಿದದ್ದು ರಿವಾಲ್ವರಿಗೂ ರೈಫಲ್ಲಿಗೂ ನಡುವಿನ ಒಂದು ಇಕ್ಕಟ್ಟಾದ ಓಣಿ. ಆಮೇಲೆ ಆ ಓಣಿಯನ್ನೂ ಎರಡು ಕಡೆಯ ಮನೆಯವರು ಒತ್ತುವರಿ ಮಾಡಿಕೊಂಡರು.

ಈ ಪಿಸ್ತೂಲನ್ನು ನೋಡದ ಓದುಗರಿಗಾಗಿ ಸ್ವಲ್ಪ ವಿವರ. ಊರಿನಲ್ಲಿ ಜೋಡುನಳಿಗೆ ಕೋವಿಯನ್ನು ನಡುವೆ ಮಡಚಿ ತೋಟೆ ತುಂಬುವುದನ್ನು ನೀವು ಕಂಡಿರುತ್ತೀರಿ. ಕಂಟೆಂಡರ್ ಕೂಡ ಹಾಗೆಯೇ ಮಡಚಿಕೊಳ್ಳುತ್ತದೆ, ಆದರೆ ನಳಿಗೆ ಒಂದೇ, ಹೆಗಲಿಗೆ ಆನಿಸುವ ಬಟ್ ಇಲ್ಲ, ಇರುವುದು ಪಿಸ್ತೂಲಿನ ಹಿಡಿ. ಟ್ರಿಗರಿನ ಸುತ್ತ ಇರುವ ಕಾವಲು ಪಟ್ಟಿಯ ಹಿಂದಿನ ಕೊಕ್ಕೆಯನ್ನು ಹಿಂದಕ್ಕೆಳೆದರೆ ಬಾಯಿ ತೆರೆಯುತ್ತದೆ. ಒಂದು ತೋಟೆ ಹಾಕಬೇಕು, ಮುಚ್ಚಬೇಕು, ಹ್ಯಾಮರ್ ಎಳೆಯಬೇಕು, ಹೊಡೆಯಬೇಕು. ಎರಡನೆಯ ಈಡು ಬೇಕೆಂದರೆ ಎಲ್ಲವೂ ಮೊದಲಿನಿಂದ. ನ್ಯೂ ಹ್ಯಾಂಪ್‌ಶೈರ್‌ನ ರಾಚೆಸ್ಟರಿನಲ್ಲಿ ಕೆ. ಡಬ್ಲ್ಯು. ಥಾಂಪ್ಸನ್ ಟೂಲ್ ಎಂಬ ಎರಕದ ಕಾರ್ಖಾನೆಯೊಂದಿತ್ತು. ವರ್ಷವಿಡೀ ಕೆಲಸ ಕೊಡುವಂಥ ಸ್ವಂತ ಸರಕೊಂದು ಅವರಿಗೆ ಬೇಕಿತ್ತು. ವಾರೆನ್ ಸೆಂಟರ್ ಎಂಬ ಬಂದೂಕು ವಿನ್ಯಾಸಗಾರನ ಬಳಿ ಈ ಪಿಸ್ತೂಲಿನ ನಕ್ಷೆಯಿತ್ತು. ಇಬ್ಬರೂ ಕೂಡಿದರು, 1967ರಲ್ಲಿ ಕಂಟೆಂಡರ್ ಹೊರಬಂತು.

ಅದರ ಜೀವಾಳ ನಳಿಗೆ ಬದಲಿಸುವ ಸೌಕರ್ಯ. ಕೆಳಗಿನ ಮರದ ತುಂಡಿನ ತಿರುಪು ಬಿಚ್ಚಿ, ಕೀಲಿನ ಪಿನ್ನನ್ನು ತಟ್ಟಿ ಹೊರತೆಗೆದರೆ ನಳಿಗೆ ಕೈಗೆ ಬರುತ್ತದೆ. ನಾನು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಮರದ ಸೌಟಿನ ಹಿಡಿಯಿಂದ ಆ ಪಿನ್ ತಟ್ಟುತ್ತೇನೆ. ಮನೆಯವಳು ಆ ಸೌಟನ್ನು ಎಂದೋ ಬಿಟ್ಟುಕೊಟ್ಟಿದ್ದಾಳೆ. ಹ್ಯಾಮರಿನಲ್ಲಿರುವ ಒಂದು ತಿರುಗಣಿಯನ್ನು .22ರ ಅಂಚುಹೊಡೆತದ ತೋಟೆಗೋ ದೊಡ್ಡ ತೋಟೆಯ ನಡುಹೊಡೆತಕ್ಕೋ ಹೊಂದಿಸಿಕೊಳ್ಳಬಹುದು. ಸ್ಕೋಪು ನಳಿಗೆಯ ಮೇಲೆಯೇ ಕೂತಿರುವುದರಿಂದ ನಳಿಗೆ ಬದಲಿಸಿದರೂ ಗುರಿ ಕದಲುವುದಿಲ್ಲ. ಬೆಳಿಗ್ಗೆ ಅಳಿಲಿಗೆ .22, ಮಧ್ಯಾಹ್ನ ಜಿಂಕೆಗೆ .44. ಒಂದು ಚೌಕಟ್ಟಿಗೆ ದುಡ್ಡು ಕೊಟ್ಟವನು ಜೀವಮಾನವಿಡೀ ನಳಿಗೆ ಕೊಳ್ಳುತ್ತಾ ಇರುತ್ತಿದ್ದ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಕಡಿಮೆ.

ಇದಕ್ಕೂ ಮೊದಲು, 1963ರಲ್ಲಿ, ರೆಮಿಂಗ್ಟನ್ ಕಂಪನಿ ಎಕ್ಸ್‌ಪಿ-100 ಎಂಬ ವಿಚಿತ್ರವನ್ನು ಮಾರುಕಟ್ಟೆಗೆ ತಂದಿತ್ತು. ಬೋಲ್ಟ್ ರೈಫಲನ್ನು ಮುಂಗೈಯಷ್ಟಕ್ಕೆ ಕತ್ತರಿಸಿ, ನೈಲಾನಿನ ಮೈಯ ನಡುವಿಗೆ ಹಿಡಿ ಅಂಟಿಸಿದಂತಿತ್ತು. ಅದಕ್ಕಾಗಿ ಮಾಡಿದ .221 ಫೈರ್‌ಬಾಲ್ ತೋಟೆ ಹತ್ತೂಮುಕ್ಕಾಲು ಅಂಗುಲದ ನಳಿಗೆಯಿಂದಲೇ ಸೆಕೆಂಡಿಗೆ 2,600 ಅಡಿಗೂ ಮೀರಿದ ವೇಗ ಕೊಡುತ್ತಿತ್ತು. ನೋಡಿ ನಕ್ಕವರೇ ಗುರಿಹಾಳೆ ನೋಡಿ ಬಾಯಿ ಮುಚ್ಚಿಕೊಂಡರು. ಇಂಥ ಪಿಸ್ತೂಲುಗಳ ನಿಖರತೆಯಲ್ಲಿ ಪವಾಡವೇನೂ ಇಲ್ಲ. ರಿವಾಲ್ವರಿನಲ್ಲಿ ಗುಂಡು ಸಿಲಿಂಡರಿನಿಂದ ಹಾರಿ ನಳಿಗೆಯೊಳಗೆ ಹೊಗಬೇಕು, ನಡುವಿನ ಸಂದಿನಲ್ಲಿ ಅನಿಲ ಸೋರುತ್ತದೆ, ಆರು ಕೋಣೆಗಳಲ್ಲಿ ಒಂದೊಂದೂ ಕೂದಲೆಳೆಯಷ್ಟು ಬೇರೆ. ಒಂಟಿ ಈಡಿನದರಲ್ಲಿ ತೋಟೆಯ ಕೋಣೆಯೂ ನಳಿಗೆಯೂ ಒಂದೇ ಉಕ್ಕು. ಕದಲುವುದೇನೂ ಇಲ್ಲ. ಬಟ್ ಇಲ್ಲದ ರೈಫಲ್ ಅದು, ಅಷ್ಟೇ.

ಈಗ ಆ ಕುರಿಯ ಕಥೆಗೆ ಬರುತ್ತೇನೆ. ಮೆಕ್ಸಿಕೊದಲ್ಲಿ ಪ್ರಾಣಿಗಳ ಲೋಹದ ಆಕೃತಿಗಳಿಗೆ ರೈಫಲಿನಿಂದ ಗುರಿಯಿಡುವ ಆಟ ಮೊದಲೇ ಇತ್ತು. ಅದು ಗಡಿ ದಾಟಿ ಬಂದು, 1975ರಲ್ಲಿ ಅರಿಜೋನಾದ ಟೂಸಾನಿನಲ್ಲಿ ಪಿಸ್ತೂಲಿನ ಪಂದ್ಯವಾಯಿತು. ಮರುವರ್ಷ ಎಲ್ಜಿನ್ ಗೇಟ್ಸ್ ಮುಂದಾಳತ್ವದಲ್ಲಿ ಅಂತರರಾಷ್ಟ್ರೀಯ ಹ್ಯಾಂಡ್‌ಗನ್ ಮೆಟಾಲಿಕ್ ಸಿಲುವೆಟ್ ಸಂಘ ಹುಟ್ಟಿತು. ಆಟ ಸರಳ. 50 ಮೀಟರಿನಲ್ಲಿ ಕೋಳಿ, 100ರಲ್ಲಿ ಹಂದಿ, 150ರಲ್ಲಿ ಟರ್ಕಿ, 200 ಮೀಟರಿನಲ್ಲಿ ಕೊಂಬಿನ ಟಗರು. ಒಂದೊಂದೂ ಹತ್ತು, ಒಟ್ಟು ನಲವತ್ತು ಈಡು. ಐದು ಆಕೃತಿಗಳಿಗೆ ಎರಡು ನಿಮಿಷ. ತಾಗಿದರೆ ಸಾಲದು, ಬೀಳಬೇಕು.

ಆ ‘ಬೀಳಬೇಕು’ ಎಂಬ ಒಂದು ನಿಯಮದ ಮೇಲೆ ಒಂಟಿ ಈಡಿನ ಪಿಸ್ತೂಲಿನ ಇಡೀ ಮಾರುಕಟ್ಟೆ ನಿಂತಿತು ಎಂದರೆ ನಂಬುತ್ತೀರಾ? ಟಗರಿನ ತೂಕ ಸುಮಾರು 50 ಪೌಂಡು. ಸಾಧಾರಣ .357 ರಿವಾಲ್ವರಿನ ಗುಂಡು 200 ಮೀಟರ್ ಹೋಗಿ ತಾಗಿದರೂ ಎಷ್ಟೋ ಸಲ ಟಗರು ‘ಠಣ್’ ಎಂದು, ಸ್ವಲ್ಪ ತೂಗಾಡಿ, ಹಾಗೇ ನಿಂತುಬಿಡುತ್ತಿತ್ತು. ಹೊಡೆದವನ ಮುಖ ನೋಡಲು ಆಗುತ್ತಿರಲಿಲ್ಲ. ದೂರಕ್ಕೆ ನಿಖರವಾಗಿಯೂ ಹೋಗಬೇಕು, ಹೋಗಿ ಕೆಡವಲೂ ಬೇಕು ಎಂದಾಗ ಉಳಿದ ದಾರಿ ಹತ್ತು-ಹದಿನಾಲ್ಕು ಅಂಗುಲದ ನಳಿಗೆಯಿಂದ ರೈಫಲ್ ಜಾತಿಯ ತೋಟೆ ಹಾರಿಸುವುದು. ಕಂಟೆಂಡರಿಗೂ ಎಕ್ಸ್‌ಪಿ-100ಕ್ಕೂ ಹಬ್ಬವೋ ಹಬ್ಬ. 7 ಎಂಎಂ ಟಿಸಿಯು ಎಂಬಂಥ ತೋಟೆಗಳು ಈ ಆಟಕ್ಕಾಗಿಯೇ ಹುಟ್ಟಿದವು, 7 ಎಂಎಂ ಬಿಆರ್ ತೋಟೆಗೆ ರೆಮಿಂಗ್ಟನ್ ಎಕ್ಸ್‌ಪಿಯ ಉದ್ದ ನಳಿಗೆಯ ಮಾದರಿಯನ್ನೇ ತಂದಿತು. ನಿಮ್ಮ ಒಹಾಯೊದಲ್ಲೇ ಜೆ. ಡಿ. ಜೋನ್ಸ್ ಎಸ್ಎಸ್‌ಕೆ ಇಂಡಸ್ಟ್ರೀಸ್ ಕಟ್ಟಿ ಕಂಟೆಂಡರಿಗೆ ಆನೆಯನ್ನೂ ಉರುಳಿಸುವಂಥ ನಳಿಗೆಗಳನ್ನು ಮಾಡತೊಡಗಿದರು. ಅವರ .375 ಜೆಡಿಜೆ ತೋಟೆಯನ್ನು ಹಾರಿಸಿದ ಕೈ ಸಂಜೆವರೆಗೂ ಚಹಾ ಲೋಟ ಹಿಡಿಯಲು ಹಿಂಜರಿಯುತ್ತದೆ.

ನನ್ನ ಮೊದಲ ಪಂದ್ಯ ನೆನಪಿದೆ. ಅಲ್ಲಿ ಯಾರೂ ಸಿನಿಮಾದಂತೆ ನಿಂತು ಹೊಡೆಯುತ್ತಿರಲಿಲ್ಲ. ಅಂಗಾತ ಮಲಗಿ, ಮಂಡಿ ಮಡಚಿ, ಒಂದು ಕೈಯನ್ನು ತಲೆಯ ಹಿಂದೆ ಕೊಟ್ಟು ಕತ್ತು ಎತ್ತಿ ಹಿಡಿದು, ನಳಿಗೆಯನ್ನು ಮೀನಖಂಡದ ಹೊರಮೈಗೆ ಆನಿಸುತ್ತಿದ್ದರು. ಕ್ರೀಡ್‌ಮೂರ್ ಭಂಗಿ ಎನ್ನುತ್ತಾರೆ. ಕಾಲು ಸುಡದಿರಲೆಂದು ಪ್ಯಾಂಟಿನ ಮೇಲೆ ತೊಗಲಿನ ಪಟ್ಟಿ. ನಾನೂ ಹಾಗೇ ಮಲಗಿದೆ. ಆಕಾಶ ಕಾಣುತ್ತಿತ್ತು, ನನ್ನ ಬೂಟು ಕಾಣುತ್ತಿತ್ತು, ಎರಡರ ನಡುವೆ ಇರುವೆಯಷ್ಟು ಟಗರು. ಹೊಡೆದೆ. ಏನೂ ಇಲ್ಲ. ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ಟಗರು ಹಿಂದಕ್ಕೆ ವಾಲಿತು, ಅದು ಅರ್ಧ ಬಿದ್ದ ಮೇಲೆ ಸದ್ದು ಬಂದು ಕಿವಿ ಮುಟ್ಟಿತು. ನಮ್ಮ ಕೊಡಗಿನ ಕೈಲ್‌ಪೊದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೀವು ಕಂಡಿರುವವರು. ಕಾಯಿ ಒಡೆದು ನೀರು ಚಿಮ್ಮಿದಾಗ ಗುಂಪಿನಲ್ಲಿ ಏಳುವ ಕೇಕೆಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಒಂದೇ ಈಡಿಗೆ ಸಿಗುವ ಸಂತೋಷ ಅದು.

ಇದೇ ಜನ ಚಳಿಗಾಲ ಬಂದಾಗ ಅದೇ ಪಿಸ್ತೂಲು ಹಿಡಿದು ಜಿಂಕೆಯ ಬೇಟೆಗೆ ಹೋಗುತ್ತಿದ್ದರು. ವಾರವಾರವೂ 200 ಮೀಟರಿಗೆ ಕೈ ಪಳಗಿಸಿದವನಿಗೆ 80 ಮೀಟರಿನ ಜಿಂಕೆ ಕಷ್ಟವೇನಲ್ಲ. ಆಟ ಕೈಯನ್ನು ತಯಾರು ಮಾಡುತ್ತಿತ್ತು, ಕಾಡು ಅದನ್ನು ಬಳಸಿಕೊಳ್ಳುತ್ತಿತ್ತು. ಆಟ ಕುಗ್ಗಿದಾಗ ಈ ಕೊಂಡಿ ಕಳಚಿತು. ಎಂಬತ್ತರ ದಶಕದ ಉಬ್ಬರದ ನಂತರ ಸಿಲುವೆಟ್ ಪಂದ್ಯಗಳು ಒಂದೊಂದೇ ಕ್ಲಬ್ಬಿನಲ್ಲಿ ನಿಂತುಹೋದವು. 200 ಮೀಟರಿನ ಬಯಲು ಬೇಕು, ಬಿದ್ದ ಉಕ್ಕನ್ನು ಪ್ರತಿ ಸುತ್ತಿಗೂ ಎತ್ತಿ ನಿಲ್ಲಿಸುವ ಬೆನ್ನು ಬೇಕು. ನಲವತ್ತು ಟಗರು-ಹಂದಿಗಳನ್ನು ಹೊರುವ ಕೆಲಸಕ್ಕೆ ಅರವತ್ತು ದಾಟಿದವರೇ ನಿಂತಾಗ ಆಟದ ಆಯುಷ್ಯ ಎಷ್ಟೆಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಹರೆಯದವರು ಎಲ್ಲಿಗೆ ಹೋದರು? ಸಿಲುವೆಟ್ ಸಂಘ ಹುಟ್ಟಿದ 1976ರಲ್ಲೇ ಮಿಸೌರಿಯ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಎಂಬ ಇನ್ನೊಂದು ಸಂಘಟನೆ ಹುಟ್ಟಿತು. ಅಲ್ಲಿ ಓಡಬೇಕು, ಅಡ್ಡಗಳ ಮರೆಯಿಂದ ಹೊಡೆಯಬೇಕು, ಮ್ಯಾಗಜಿನ್ ಬದಲಿಸಬೇಕು, ಗಡಿಯಾರದ ಜತೆ ಪಂತ. ಒಂದೇ ವರ್ಷದ ಇಬ್ಬರು ಕೂಸುಗಳಲ್ಲಿ ಒಂದು ಎರಡು ನಿಮಿಷಕ್ಕೆ ಐದು ಈಡು ಕೇಳಿತು, ಇನ್ನೊಂದು ಕೆಲವೇ ಸೆಕೆಂಡುಗಳಿಗೆ ಹತ್ತು-ಹದಿನೈದು. ಎರಡನೆಯದು ಗೆದ್ದಿತು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ನೋಡಲೂ ಅದೇ ಚೆಂದ.

ಬೇಟೆಗಾರರ ಕಡೆ ನೋಡಿದರೆ ಮೊದಲ ಒತ್ತುವರಿ ರಿವಾಲ್ವರಿನದು. .44 ಮ್ಯಾಗ್ನಮ್ ಇದ್ದ ಕಾಲದಲ್ಲಿ ಅದಕ್ಕಿಂತ ದೂರ ಹೋಗಬೇಕೆಂದರೆ ಒಂಟಿ ಈಡೇ ಗತಿಯಾಗಿತ್ತು. 1983ರಲ್ಲಿ ವಯೋಮಿಂಗಿನ ಫ್ರೀಡಂ ಆರ್ಮ್ಸ್ .454 ಕಸುಲ್ ತೋಟೆಯ ರಿವಾಲ್ವರ್ ತಂದಿತು. 2003ರಲ್ಲಿ ಸ್ಮಿತ್ ಆ್ಯಂಡ್ ವೆಸನ್ .500 ಮ್ಯಾಗ್ನಮ್ ತಂದಿತು, 2005ರಲ್ಲಿ .460. ಈ ಕೊನೆಯದು 200 ಗಜದ ಜಿಂಕೆಗೂ ಸಾಕು, ಅದರ ಮೇಲೆ ಐದು ಈಡು ಸಿದ್ಧ. ನಿಖರತೆಯಲ್ಲಿ ಕಂಟೆಂಡರೇ ಒಂದು ಕೈ ಮೇಲಿರಬಹುದು, ಆದರೆ ಬೇಟೆಗೆ ‘ಸಾಕಷ್ಟು’ ಎಂಬುದು ಸಿಕ್ಕ ಮೇಲೆ ‘ಅತ್ಯುತ್ತಮ’ಕ್ಕೆ ಗಿರಾಕಿಗಳು ಕಡಿಮೆ. ಈಗಿನ ಹುಡುಗರು 2015ರಲ್ಲಿ ಬಂದ, 10 ಎಂಎಂ ತೋಟೆಯ ಗ್ಲಾಕ್ 40 ಪಿಸ್ತೂಲಿನ ಮೇಲೆ ಕೆಂಪು ಚುಕ್ಕೆಯ ಗುರಿಗಾಜು ಕೂರಿಸಿಕೊಂಡು, ಹತ್ತಿರದ ಹಂದಿ-ಜಿಂಕೆಗಳಿಗೆ ಅಷ್ಟು ಸಾಕು ಎನ್ನುತ್ತಾರೆ.

ಎರಡನೆಯ ಒತ್ತುವರಿ ರೈಫಲಿನದು, ಅದೂ ಕಾನೂನಿನ ಬಾಗಿಲಿನಿಂದ. ಇದಕ್ಕೆ ನಿಮ್ಮ ಒಹಾಯೊಗಿಂತ ಒಳ್ಳೆಯ ಉದಾಹರಣೆ ಬೇಡ. ನೆಲ ಸಮತಟ್ಟು, ಮನೆಗಳು ಹತ್ತಿರ ಹತ್ತಿರ, ರೈಫಲಿನ ಗುಂಡು ಎಲ್ಲಿ ಹೋಗಿ ಬೀಳುವುದೋ ಎಂಬ ಭಯದಿಂದ ಜಿಂಕೆ ಬೇಟೆಗೆ ಅಲ್ಲಿ ಬಹುಕಾಲ ರೈಫಲ್ ನಿಷಿದ್ಧವಾಗಿತ್ತು. ಶಾಟ್‌ಗನ್, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು, ಬಿಲ್ಲು ಮತ್ತು ಹ್ಯಾಂಡ್‌ಗನ್, ಇಷ್ಟೇ. ಆಗ ಕಂಟೆಂಡರಿಗೆ ಉದ್ದನೆಯ .44 ನಳಿಗೆ ಹಾಕಿ ಸ್ಕೋಪು ಕೂರಿಸಿದವನು ಶಾಟ್‌ಗನ್ನಿನವನಿಗಿಂತ ದೂರಕ್ಕೂ ಚೊಕ್ಕವಾಗಿಯೂ ಹೊಡೆಯುತ್ತಿದ್ದ. ಬಟ್ ಇಲ್ಲದ ರೈಫಲನ್ನು ಪಿಸ್ತೂಲು ಎಂದು ಬರೆದ ಕಾನೂನಿನ ಕೃಪೆ. 2014ರಲ್ಲಿ ಒಹಾಯೊ, ನೇರ ಗೋಡೆಯ (ಮೇಲೆ ಕುತ್ತಿಗೆಯಂತೆ ಕಿರಿದಾಗದ) ತೋಟೆ ಬಳಸುವ ರೈಫಲುಗಳನ್ನು ಜಿಂಕೆಗೆ ಬಿಟ್ಟುಕೊಟ್ಟಿತು. 2019ರಲ್ಲಿ ವಿಂಚೆಸ್ಟರ್ ಇಂಥ ರಾಜ್ಯಗಳಿಗೆ ಹೇಳಿಮಾಡಿಸಿದಂಥ .350 ಲೆಜೆಂಡ್ ತೋಟೆ ತಂದಿತು. ಇಲಿನಾಯ್ 2023ರಲ್ಲಿ ಒಂಟಿ ಈಡಿನ ರೈಫಲಿಗೆ ಬಾಗಿಲು ತೆರೆಯಿತು. ಹೆಗಲಿಗೆ ಆನಿಸಿ ಹೊಡೆಯುವ ಸುಖ ಸಿಕ್ಕ ಮೇಲೆ ಮುಂಗೈ ಚಾಚಿ ಒದ್ದಾಡುವವರು ಯಾರು?

ಕಷ್ಟಪಟ್ಟು ಬೇಟೆಯಾಡಬೇಕೆಂಬ ಹಟದವರು ಎಲ್ಲ ಕಾಲಕ್ಕೂ ಇರುತ್ತಾರಲ್ಲ, ಅವರೇಕೆ ಬರಲಿಲ್ಲ ಎಂದು ಕೇಳಬಹುದು. ಅವರಿಗೆ ಸರ್ಕಾರಗಳು ಬೇರೆ ಕಡೆ ಬಹುಮಾನ ಕೊಟ್ಟವು. ಬಿಲ್ಲುಗಾರರಿಗೆ ಬೇರೆಯೇ ಹಂಗಾಮು, ಮದ್ದುತುಂಬುವ ಬಂದೂಕಿನವರಿಗೆ ಬೇರೆ ಹಂಗಾಮು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕಲ್ಲಿನ ಬಂದೂಕಿಗೆಂದೇ ದಿನಗಳಿವೆ. ಪಿಸ್ತೂಲಿನವನಿಗೆ ಹೆಚ್ಚಿನ ರಾಜ್ಯಗಳಲ್ಲಿ ಒಂದು ದಿನವೂ ಹೆಚ್ಚಿಗೆ ಇಲ್ಲ. ಅವನು ರೈಫಲಿನವರ ಜತೆಗೇ, ಅದೇ ದಿನ, ಅದೇ ಕಾಡಿನಲ್ಲಿ, ಕಡಿಮೆ ಆಯುಧ ಹಿಡಿದು ನಿಲ್ಲಬೇಕು. ತಮಾಷೆ ಎಂದರೆ, 1970ರಲ್ಲಿ ಹಾಕನ್ ಬಂದೂಕು ತಂದು ಮದ್ದುತುಂಬುವ ಹವ್ಯಾಸಕ್ಕೆ ಗಾಳಿ ಹಾಕಿದ್ದು ಕೂಡ ಇದೇ ಥಾಂಪ್ಸನ್/ಸೆಂಟರ್. ತನ್ನ ಪಿಸ್ತೂಲಿನ ಗಿರಾಕಿಯನ್ನು ತಾನೇ ಪಕ್ಕದ ಅಂಗಡಿಗೆ ಕಳಿಸಿದಂತಾಯಿತು.

ಇನ್ನೊಂದು ಕಾನೂನು ಕಥೆ ಇದೆ, ನಿಮಗೆ ಉಪಯೋಗಕ್ಕೂ ಬರುತ್ತದೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲನ್ನು ನೋಂದಾಯಿಸದೆ ಇಟ್ಟುಕೊಳ್ಳುವಂತಿಲ್ಲ. ಕಂಟೆಂಡರ್ ಪಿಸ್ತೂಲಿನ ಜತೆ 21 ಅಂಗುಲದ ನಳಿಗೆಯನ್ನೂ ಬಟ್ಟನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕಂಪನಿ ಮಾರಲು ಹೊರಟಾಗ, ಇದರಿಂದ ಗಿಡ್ಡ ರೈಫಲ್ ಕಟ್ಟಬಹುದು, ಆದ್ದರಿಂದ ಇದೇ ಗಿಡ್ಡ ರೈಫಲ್ ಎಂದು ಸರ್ಕಾರ ವಾದಿಸಿತು. ಕಂಪನಿ 200 ಡಾಲರ್ ತೆರಿಗೆ ಕಟ್ಟಿ, ಅದನ್ನು ಹಿಂದಿರುಗಿಸಿ ಎಂದು ದಾವೆ ಹೂಡಿ, 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಪಿಸ್ತೂಲಿನವರೆಲ್ಲ ಹಬ್ಬ ಮಾಡಿದರು. ನನಗಂತೂ ಆ ಗೆಲುವೇ ಒಂದು ತಿರುವಾಗಿ ಕಾಣುತ್ತದೆ. ನಿನ್ನ ಪಿಸ್ತೂಲನ್ನು ನೀನು ರೈಫಲ್ ಮಾಡಿಕೊಳ್ಳಬಹುದು ಎಂದು ನ್ಯಾಯಾಲಯ ಹೇಳಿದ ಮೇಲೆ ಬಹಳ ಮಂದಿ ಅದನ್ನೇ ಮಾಡಿಕೊಂಡರು. ತೊಂಬತ್ತರ ದಶಕದ ಕೊನೆಯಲ್ಲಿ ಇದೇ ಕಂಪನಿಯಿಂದ ಬಂದ, ಕಂಟೆಂಡರಿನ ದೊಡ್ಡಣ್ಣ ಎನ್‌ಕೋರ್ ಪಿಸ್ತೂಲಾಗಿಯೂ ಸಿಗುತ್ತಿತ್ತು, ಆದರೆ ನಾನು ಕಂಡ ಎನ್‌ಕೋರುಗಳಲ್ಲಿ ಹೆಚ್ಚಿನವು ಬಟ್ ತೊಟ್ಟುಕೊಂಡೇ ಇದ್ದವು.

ಎಆರ್ ಬಗ್ಗೆ ಎರಡು ಮಾತು ಸಾಕು. 2011ರಲ್ಲಿ ಪ್ರಮಾಣೀಕರಣಗೊಂಡ .300 ಬ್ಲ್ಯಾಕೌಟ್ ತೋಟೆ ಒಂಬತ್ತು ಅಂಗುಲದ ನಳಿಗೆಯಲ್ಲೇ ತನ್ನ ಮದ್ದನ್ನೆಲ್ಲ ಸುಟ್ಟು ಮುಗಿಸುತ್ತದೆ. 2012ರ ಹೊತ್ತಿಗೆ ಎಆರ್ ಪಿಸ್ತೂಲಿಗೆ ಮುಂಗೈ ಆಸರೆಯ ‘ಬ್ರೇಸ್’ ಬಂತು. ಹೆಸರು ಮುಂಗೈಯದು, ಬಳಕೆ ಹೆಗಲಿನದು. ಇದನ್ನು ತಡೆಯಲು 2023ರಲ್ಲಿ ತಂದ ನಿಯಮವನ್ನು ಮರುವರ್ಷ ನ್ಯಾಯಾಲಯ ರದ್ದು ಮಾಡಿತು. 2026ರ ಆರಂಭದಿಂದ ಗಿಡ್ಡ ರೈಫಲಿನ ಆ 200 ಡಾಲರ್ ತೆರಿಗೆಯೂ ಸೊನ್ನೆಯಾಗಿದೆ, ನೋಂದಣಿ ಮಾತ್ರ ಉಳಿದಿದೆ. ಗಿಡ್ಡದಾದ, ಶಕ್ತಿಯಿರುವ ಬಂದೂಕು ಬೇಕೆಂದವನಿಗೆ ಕಂಟೆಂಡರ್ ಅನಿವಾರ್ಯ ಎನ್ನುವಂಥ ಕಾರಣ ಒಂದೂ ಉಳಿಯಲಿಲ್ಲ.

ಇಷ್ಟೆಲ್ಲ ಹೇಳಿ, ನಾನೇ ಏಕೆ ಬಿಟ್ಟೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಕಣ್ಣು. ಪಿಸ್ತೂಲಿನ ಸ್ಕೋಪನ್ನು ತೋಳು ಚಾಚಿದ ದೂರದಿಂದ ನೋಡಬೇಕು. ಆ ದೂರದಲ್ಲಿ ಅದು ಬಾವಿಯ ತಳದ ಬೆಳಕಿನಂತೆ ಕಾಣುತ್ತದೆ, ತಲೆ ಸ್ವಲ್ಪ ಕದಲಿದರೆ ಬೆಳಕೇ ಮಾಯ. ಕೆಲವು ವರ್ಷಗಳ ಹಿಂದೆ, ನವೆಂಬರ್ ಕೊನೆಯ ಒಂದು ಸಂಜೆ, ಮರದ ಮೇಲಿನ ಅಟ್ಟಣೆಯಲ್ಲಿ ಕೂತಿದ್ದೆ. ಓಕ್ ಎಲೆಗಳ ಮೇಲೆ ಹೆಜ್ಜೆಯ ಸದ್ದು. ಜಿಂಕೆ ಬಂದು ಅರವತ್ತು ಗಜದಲ್ಲಿ ನಿಂತಿತು. ಬರಿಗಣ್ಣಿಗೆ ಅದರ ಕಿವಿಯ ಕೂದಲೂ ಕಾಣುತ್ತಿತ್ತು. ಪಿಸ್ತೂಲು ಎತ್ತಿ ಸ್ಕೋಪಿನಲ್ಲಿ ಹುಡುಕಿದೆ, ಕೊಂಬೆ ಸಿಕ್ಕಿತು, ಕಾಂಡ ಸಿಕ್ಕಿತು, ಜಿಂಕೆ ಸಿಗಲಿಲ್ಲ. ಮತ್ತೆ ಇಳಿಸಿ ನೋಡಿದರೆ ಅದು ಅಲ್ಲೇ ನಿಂತು ನನ್ನನ್ನೇ ನೋಡುತ್ತಿತ್ತು. ಮೂರು ಸಲ ಹೀಗಾಯಿತು. ಆಮೇಲೆ ಬಾಲ ಎತ್ತಿ ಹೋಯಿತು. ಮರುದಿನ ರೈಫಲ್ ತೆಗೆದುಕೊಂಡು ಹೋದೆ. ಕಣ್ಣಿನ ಜತೆಗೆ ಪಿಸ್ತೂಲಿನ ಸದ್ದೂ ಒಂದು ಕಾರಣ. ಉದ್ದ ನಳಿಗೆಗೆಂದು ಮಾಡಿದ ಮದ್ದು ಹದಿನಾಲ್ಕು ಅಂಗುಲದಲ್ಲಿ ಉರಿದು ಮುಗಿಯುವುದಿಲ್ಲ, ಉಳಿದದ್ದು ನಳಿಗೆಯ ಬಾಯಿಯಲ್ಲಿ ಬೆಂಕಿಯ ಚೆಂಡಾಗಿ ಸಿಡಿಯುತ್ತದೆ. ಕಿವಿಗೆ ರಕ್ಷಣೆಯಿಲ್ಲದೆ ಒಂದೇ ಒಂದು ಈಡು ಹೊಡೆದರೂ ಜೀವಮಾನವಿಡೀ ಕಿವಿಯಲ್ಲಿ ಜೀರುಂಡೆ ಸಾಕಬೇಕಾಗುತ್ತದೆ.

ಕೈಯಿಂದ ತೋಟೆ ತುಂಬುವ ಹವ್ಯಾಸ ಕ್ಷೀಣಿಸಿದ್ದೂ ಈ ಪಿಸ್ತೂಲಿಗೆ ಪೆಟ್ಟು ಕೊಟ್ಟಿತು. ಇದರ ಒಳ್ಳೊಳ್ಳೆಯ ತೋಟೆಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ಖಾಲಿ ಹಿತ್ತಾಳೆಯ ಕುತ್ತಿಗೆ ತಿದ್ದಿ, ಮದ್ದು ತೂಗಿ, ಗುಂಡು ಕೂರಿಸಿ ಮನೆಯಲ್ಲೇ ಮಾಡಿಕೊಳ್ಳಬೇಕು. 2020ರಿಂದ ಎರಡು ವರ್ಷ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರುಗಳೇ ಸಿಗದೆ ಹೋದಾಗ ಎಷ್ಟೋ ಮಂದಿ ತಮ್ಮ ಅಪರೂಪದ ನಳಿಗೆಗಳನ್ನು ಬೀರುವಿನಲ್ಲಿಟ್ಟರು, ಮತ್ತೆ ತೆಗೆಯಲಿಲ್ಲ. ಬೇಟೆಗಾರರ ಸಂಖ್ಯೆಯೂ ಕುಸಿಯುತ್ತಿತ್ತು. ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯ ಸಮೀಕ್ಷೆಯಲ್ಲಿ 2011ರಲ್ಲಿ 1.37 ಕೋಟಿ ಇದ್ದವರು 2016ರಲ್ಲಿ 1.15 ಕೋಟಿಗೆ ಇಳಿದಿದ್ದರು.

ಕಂಪನಿಯ ಕಥೆ ಇದೆಲ್ಲದರ ಬಾಲ. ಸ್ಮಿತ್ ಆ್ಯಂಡ್ ವೆಸನ್ 2007ರ ಜನವರಿಯಲ್ಲಿ ಥಾಂಪ್ಸನ್/ಸೆಂಟರನ್ನು 10.2 ಕೋಟಿ ಡಾಲರಿಗೆ ಕೊಂಡಿತು. ಅವರಿಗೆ ಬೇಕಿದ್ದದ್ದು ರೈಫಲ್ ಮತ್ತು ಮದ್ದುಬಂದೂಕಿನ ಮಾರುಕಟ್ಟೆ, ಉದ್ದ ನಳಿಗೆ ಮಾಡುವ ಯಂತ್ರಗಳು. ಆಮೇಲೆ ರಾಚೆಸ್ಟರಿನ ಕಾರ್ಖಾನೆ ಮುಚ್ಚಿ ಕೆಲಸ ಸ್ಪ್ರಿಂಗ್‌ಫೀಲ್ಡಿಗೆ ಹೋಯಿತು. 2021ರಲ್ಲಿ ಈ ಹೆಸರನ್ನೇ ಮಾರಿಬಿಡುತ್ತೇವೆ ಎಂದು ಘೋಷಿಸಿದರು. 2024ರಲ್ಲಿ ಹಿಂದೆ ಅದರ ಒಡೆಯರಾಗಿದ್ದ ಗ್ರೆಗ್ ರಿಟ್ಜ್ ಮರಳಿ ಕೊಂಡಿದ್ದಾರೆ. ರೆಮಿಂಗ್ಟನ್ ಎಕ್ಸ್‌ಪಿ-100ನ್ನು 1998ರಲ್ಲೇ ನಿಲ್ಲಿಸಿತ್ತು, ಅಂದರೆ ಥಾಂಪ್ಸನ್/ಸೆಂಟರ್ ಸ್ಮಿತ್ ಆ್ಯಂಡ್ ವೆಸನ್ ಕೈ ಸೇರುವ ಎಷ್ಟೋ ಮೊದಲು. ಕಂಪನಿಯನ್ನು ಶಪಿಸುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಬೇಟೆಗೆ ಸಂಬಂಧವಿಲ್ಲದ, ಆದರೆ ನನ್ನನ್ನು ಕಾಡುವ ಇನ್ನೊಂದು ಸಂಗತಿ. ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲು ಸ್ಪರ್ಧೆ ಕೂಡ ಒಂಟಿ ಈಡಿನ .22 ಪಿಸ್ತೂಲಿನದೇ. ಗಂಡಸರ ಆ ಸ್ಪರ್ಧೆ 2016ರ ರಿಯೊಗೆ ಕೊನೆಯಾಯಿತು, ಟೋಕಿಯೊದಲ್ಲಿ ಅದರ ಜಾಗ ಮಿಶ್ರ ತಂಡದ ಸ್ಪರ್ಧೆಗೆ ಹೋಯಿತು. ಆ ಕೊನೆಯ ಸಾಲಿನಲ್ಲಿ ನಿಂತವರಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಒಬ್ಬರು, ಮುಖದ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದಿದ್ದವರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ತೆಗೆದುಕೊಳ್ಳಿ. ಆದರೆ ಮೊದಲು ನಿಮ್ಮ ಕಾಗದಪತ್ರ ನೋಡಿಕೊಳ್ಳಿ. ಹದಿನಾರು ವರ್ಷವಾದರೂ ಗ್ರೀನ್ ಕಾರ್ಡಿನ ಸರದಿಯಲ್ಲೇ ನಿಂತಿರುವ ನಮ್ಮವರು ಬೇಕಾದಷ್ಟಿದ್ದಾರೆ. ಗ್ರೀನ್ ಕಾರ್ಡ್ ಇದ್ದರೆ ತೊಂದರೆಯಿಲ್ಲ. ಎಚ್-1ಬಿಯಂಥ ವೀಸಾದಲ್ಲಿದ್ದರೆ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದರೆ ಮಾತ್ರ ವಿನಾಯಿತಿ. ಗೆಳೆತನದ ವ್ಯವಹಾರವಾದರೂ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಹಸ್ತಾಂತರ ಮಾಡಿಸಿಕೊಳ್ಳಿ, ನಾಳೆ ಇಬ್ಬರಿಗೂ ನೆಮ್ಮದಿ. ಸಹೋದ್ಯೋಗಿಯ ಬಳಿ ಬಟ್ ಕೂಡ ಇದ್ದರೆ, 16 ಅಂಗುಲಕ್ಕಿಂತ ಗಿಡ್ಡ ನಳಿಗೆ ಇರುವಾಗ ಅದನ್ನು ಜೋಡಿಸಿ ನೋಡುವ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಊರಿಗೆ ಒಯ್ಯುವ ಯೋಚನೆಯಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಶಿಕಾರಿ ಹಿರಿಯರ ಕಥೆಗಳಲ್ಲಷ್ಟೇ ಉಳಿದಿದೆ.

ಮೊದಲ ವರ್ಷ .22 ನಳಿಗೆಯನ್ನೇ ಬಳಸಿ. ಒದೆತವಿಲ್ಲ, ಖರ್ಚಿಲ್ಲ, ಟ್ರಿಗರ್ ಎಷ್ಟು ಹಗುರ ಎಂಬುದು ಬೆರಳಿಗೆ ತಿಳಿಯುತ್ತದೆ. ಹಳೆಯ ಮಾದರಿಯಾಗಿದ್ದರೆ ಬಾಯಿ ತೆರೆಯಲು ತುಸು ಗಟ್ಟಿಯಿರುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ಎಳೆದ ಹ್ಯಾಮರನ್ನು ಹೊಡೆಯದೆ ಇಳಿಸಿದರೆ, ಒಮ್ಮೆ ಬಾಯಿ ತೆರೆದು ಮುಚ್ಚುವವರೆಗೆ ಮತ್ತೆ ಎಳೆಯಲು ಬರುವುದಿಲ್ಲ. ಅದೂ ದೋಷವಲ್ಲ, ಸುರಕ್ಷತೆಗೆಂದೇ ಇಟ್ಟದ್ದು. ಮುಂದೆ ನಳಿಗೆ ಕೊಳ್ಳುವಾಗ ಎನ್‌ಕೋರಿನದು ಕಂಟೆಂಡರಿಗೆ ಕೂರುವುದಿಲ್ಲ ಎಂಬುದು ನೆನಪಿರಲಿ.

ಒಹಾಯೊದಲ್ಲಿ ಜಿಂಕೆಗೆ ನಿಮ್ಮ .44 ನಳಿಗೆ ನಡೆಯುತ್ತದೆ. ಹ್ಯಾಂಡ್‌ಗನ್ನಿಗೆ ಕನಿಷ್ಠ ಐದು ಅಂಗುಲದ ನಳಿಗೆ, .357 ಅಥವಾ ಹೆಚ್ಚಿನ ನೇರ ಗೋಡೆಯ ತೋಟೆ ಎಂಬುದು ಅಲ್ಲಿನ ನಿಯಮ. ಪ್ರತಿ ವರ್ಷ ಹೊಸ ಕೈಪಿಡಿ ಓದಿಕೊಳ್ಳಿ. 7-30 ವಾಟರ್ಸ್ ತೋಟೆಗೆ ಕುತ್ತಿಗೆ ಇದೆ, ಆದ್ದರಿಂದ ಅಲ್ಲಿ ಅದು ಜಿಂಕೆಗೆ ನಡೆಯದು, ನಮ್ಮ ಪೆನ್ಸಿಲ್ವೇನಿಯಾದಲ್ಲಿ ನಡೆಯುತ್ತದೆ. ನಡೆಯದೆಂದು ಆ ನಳಿಗೆಯನ್ನು ಮಾರಬೇಡಿ, ಮೂರರಲ್ಲಿ ರತ್ನ ಅದೇ. 1984ರಲ್ಲಿ ವಿಂಚೆಸ್ಟರಿನ ಲಿವರ್ ರೈಫಲಿಗೆಂದು ಬಂದ ತೋಟೆ ಅದು. ಆ ರೈಫಲಿನ ಕೊಳವೆ ಮ್ಯಾಗಜಿನ್ನಿನಲ್ಲಿ ಒಂದರ ಹಿಂದೆ ಒಂದು ಕೂರುವುದರಿಂದ ಮೊಂಡು ಮೂತಿಯ ಗುಂಡನ್ನೇ ಹಾಕಬೇಕಿತ್ತು. ಕಂಟೆಂಡರಿನಲ್ಲಿ ಇರುವುದೇ ಒಂದು ತೋಟೆ, ಚೂಪು ಮೂತಿಯ ಗುಂಡು ಹಾಕಬಹುದು, ದೂರಕ್ಕೆ ಚೆನ್ನಾಗಿ ಹೋಗುತ್ತದೆ. ಅಂಗಡಿಯ ತೋಟೆ ಮಾತ್ರ ಸಿಕ್ಕರೆ ಪುಣ್ಯ. ಹಾಗಾಗಿ ಸಹೋದ್ಯೋಗಿ ಪಿಸ್ತೂಲು ಕೊಡುವ ದಿನ ಸಂಕೋಚ ಬಿಟ್ಟು ಇನ್ನೊಂದು ಮಾತು ಕೇಳಿ. ಅವರ ಗ್ಯಾರೇಜಿನ ಕಪಾಟಿನಲ್ಲಿ ಎಲ್ಲೋ ಆ ತೋಟೆಯ ಅಚ್ಚುಗಳು, ಕಾಫಿ ಡಬ್ಬಿಯಲ್ಲಿ ತೊಳೆದಿಟ್ಟ ಖಾಲಿ ಹಿತ್ತಾಳೆಗಳು, ಯಾವ ಮದ್ದು ಎಷ್ಟು ಎಂದು ಪೆನ್ಸಿಲಿನಲ್ಲಿ ಬರೆದ ನೋಟುಬುಕ್ಕು ಇರಬೇಕು. ಹಿತ್ತಾಳೆ, ಅಚ್ಚು ತಂದು ಬಳಸಿ. ನೋಟುಬುಕ್ಕಿನ ಲೆಕ್ಕವನ್ನು ಮಾತ್ರ ಅಚ್ಚಾದ ಕೈಪಿಡಿಯೊಂದಿಗೆ ತಾಳೆ ನೋಡದೆ ಬಳಸಬೇಡಿ.